ಬರ್ನ್ಲಿಯಲ್ಲಿ ಮನೆ: ಬಾಡಿಗೆಯೋ, ಕಲ್ಲಿನ ಟೆರೇಸೋ, ಸೆಮಿಯೋ, ಹೊಸ ಬಡಾವಣೆಯೋ?

ಲ್ಯಾಂಕಶೈರಿನ ಬರ್ನ್ಲಿಯಲ್ಲಿ ಇವತ್ತಿಗೂ 1 ಲಕ್ಷ ಪೌಂಡಿನ ಆಸುಪಾಸಿಗೆ ಎರಡು ಬೆಡ್‌ರೂಮಿನ ಕಲ್ಲಿನ ಮನೆ ಸಿಗುತ್ತದೆ. ಕೆಲವು ಬೀದಿಗಳಲ್ಲಿ ಅದಕ್ಕಿಂತ ಕಡಿಮೆಗೂ ಸಿಗುತ್ತದೆ. ಇಡೀ ಇಂಗ್ಲೆಂಡಿನ ಸರಾಸರಿ ಬೆಲೆ 3 ಲಕ್ಷಕ್ಕೆ ಹತ್ತಿರ ಇರುವಾಗ ಇದನ್ನು ಕೇಳಿದವರಿಗೆ ನಂಬಿಕೆಯೇ ಬರುವುದಿಲ್ಲ. ಈಸ್ಟ್ ಲ್ಯಾಂಕಶೈರಿನ ಆಸ್ಪತ್ರೆಗಳಿಗೆ ನರ್ಸ್ ಆಗಿ, ಡಾಕ್ಟರ್ ಆಗಿ ಬರುವ ನಮ್ಮವರು, ಮ್ಯಾಂಚೆಸ್ಟರಿನಲ್ಲಿ ಐಟಿ ಕೆಲಸ ಮಾಡುತ್ತಾ ಬಾಡಿಗೆ ಕಟ್ಟಿ ಸಾಕಾದವರು ಕೇಳುವುದು ಒಂದೇ ಪ್ರಶ್ನೆ: ಬಾಡಿಗೆ ಕಟ್ಟೋ ದುಡ್ಡಲ್ಲಿ ಸಾಲದ ಕಂತೇ ಕಟ್ಟಬಹುದಲ್ವಾ?

ಬಹಳಷ್ಟು ಸಲ ಹೌದು, ಕಟ್ಟಬಹುದು. ಆದರೆ ಈ ಊರಿನಲ್ಲಿ ಮನೆ ಕೊಳ್ಳುವುದು ಸುಲಭ. ಕೊಂಡ ಮೇಲೆ ಅದಕ್ಕೆ ಸುರಿಯುವ ದುಡ್ಡು ಎಷ್ಟು, ಬೇಡ ಅಂದಾಗ ಬೇಗ ಮಾರಿ ಹೊರಡಲು ಆಗುತ್ತದಾ, ಇವೆರಡು ನಿಜವಾದ ಪ್ರಶ್ನೆಗಳು. ಕೆಳಗಿನ ಹೋಲಿಕೆಯನ್ನೆಲ್ಲ ಆ ಕಣ್ಣಿನಿಂದಲೇ ಮಾಡಿದ್ದೇನೆ. ಇಲ್ಲಿ ಟೆರೇಸ್ ಅಂದರೆ ಪಕ್ಕದ ಗೋಡೆ ಹಂಚಿಕೊಂಡು ಸಾಲಾಗಿ ಕಟ್ಟಿದ ಮನೆ, ಸೆಮಿ ಅಂದರೆ ಒಂದೇ ಗೋಡೆ ಹಂಚಿಕೊಂಡ ಜೋಡಿ ಮನೆಗಳಲ್ಲಿ ಒಂದು.

ಅಗ್ಗ ಯಾಕೆ ಅಂತ ಮೊದಲು ಗೊತ್ತಿರಲಿ

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಬರ್ನ್ಲಿ ಹತ್ತಿಬಟ್ಟೆ ನೇಯುವುದರಲ್ಲಿ ಪ್ರಪಂಚದ ದೊಡ್ಡ ಊರುಗಳಲ್ಲಿ ಒಂದು. ಲೀಡ್ಸ್-ಲಿವರ್‌ಪೂಲ್ ಕಾಲುವೆಯ ಎರಡೂ ಬದಿಗೆ ಗಿರಣಿಗಳು, ಊರ ಸುತ್ತ ಕಲ್ಲಿದ್ದಲಿನ ಗಣಿಗಳು. ಆ ಕೆಲಸಗಾರರಿಗಾಗಿ ಸಾಲುಸಾಲಾಗಿ ಮನೆ ಕಟ್ಟಿದರು. 1911ರಲ್ಲಿ ಊರಿನ ಜನಸಂಖ್ಯೆ ಒಂದು ಲಕ್ಷ ದಾಟಿತ್ತು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಗಣಿಗಳೂ ಮುಚ್ಚಿದವು. 2021ರ ಜನಗಣತಿಯಲ್ಲಿ ಸುತ್ತಲಿನ ಊರುಗಳೂ ಸೇರಿದ ಇಡೀ ಬರ್ನ್ಲಿ ಆಡಳಿತ ಪ್ರದೇಶದ ಲೆಕ್ಕ ಸುಮಾರು 95 ಸಾವಿರ. ಅಂದರೆ ನೂರು ವರ್ಷದ ಹಿಂದಿನ ಜನಕ್ಕೆ ಕಟ್ಟಿದ ಮನೆಗಳು ಹಾಗೇ ಉಳಿದವು, ಜನ ಉಳಿಯಲಿಲ್ಲ.

ಈ ಶತಮಾನದ ಮೊದಲ ದಶಕದಲ್ಲಿ ಖಾಲಿ ಮನೆಗಳ ಕಾಟ ಎಷ್ಟಿತ್ತೆಂದರೆ ಸರ್ಕಾರ ಎಲಿವೇಟ್ ಈಸ್ಟ್ ಲ್ಯಾಂಕಶೈರ್ ಎಂಬ ಯೋಜನೆಯಡಿ ಇಲ್ಲಿನ ಕೆಲವು ಸಾಲುಗಳನ್ನೇ ಕೆಡವಿಸಿತು. 2011ರಲ್ಲಿ ಆ ಯೋಜನೆಯ ಹಣ ನಿಂತಿತು. ಕೆಡವಿದ ಕಡೆ ಎಷ್ಟೋ ವರ್ಷ ಬರೀ ಹುಲ್ಲು ಬೆಳೆದಿತ್ತು. ಈಗ ಊರಿನ ಸ್ಥಿತಿ ಅಷ್ಟು ಕೆಟ್ಟದಾಗಿಲ್ಲ. ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಗಳಿವೆ, ಯೂನಿವರ್ಸಿಟಿ ಆಫ್ ಲ್ಯಾಂಕಶೈರಿನ ಕ್ಯಾಂಪಸ್ ಬೆಳೆಯುತ್ತಿದೆ, ಹಳೇ ಗಿರಣಿಯ ಕಟ್ಟಡಗಳಲ್ಲಿ ವಿದ್ಯಾರ್ಥಿಗಳು ಓಡಾಡುತ್ತಿದ್ದಾರೆ.

ಬೆಲೆಯ ಚರಿತ್ರೆಯಲ್ಲಿ ಒಂದು ವಿಷಯ ಮರೆಯಬೇಡಿ. 2007-08ರ ಕುಸಿತದ ನಂತರ ಇಲ್ಲಿನ ಸರಾಸರಿ ಬೆಲೆ ಹಳೆಯ ಮಟ್ಟಕ್ಕೆ ಮರಳಲು ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ಆಗ ಕೊಂಡ ಎಷ್ಟೋ ಜನ ಸಾಲಕ್ಕಿಂತ ಕಡಿಮೆ ಬೆಲೆಯ ಮನೆಯಲ್ಲಿ ಸಿಕ್ಕಿಹಾಕಿಕೊಂಡರು. ಬೆಂಗಳೂರಿನ ಸೈಟಿನ ಲೆಕ್ಕ ಇಟ್ಟುಕೊಂಡು, ಹತ್ತು ವರ್ಷಕ್ಕೆ ಎರಡು ಪಟ್ಟು ಆಗುತ್ತದೆ ಅಂದುಕೊಂಡು ಇಲ್ಲಿ ಕೊಳ್ಳಬೇಡಿ. 2020ರ ನಂತರ ಏರಿದೆ ನಿಜ. ಆದರೆ ಇಲ್ಲಿ ಕೊಳ್ಳುವುದು ವಾಸಕ್ಕೆ.

ನಿಮ್ಮ ಸಂಬಳಕ್ಕೆ ಎಷ್ಟು ದಕ್ಕುತ್ತದೆ

ಸರ್ಕಾರಿ ಅಂಕಿಅಂಶ ಕಚೇರಿ ಪ್ರತಿ ವರ್ಷ ಮನೆಯ ಬೆಲೆ ಸಂಬಳದ ಎಷ್ಟು ಪಟ್ಟು ಅಂತ ಲೆಕ್ಕ ಹಾಕುತ್ತದೆ. 2024ರಲ್ಲಿ ಇಂಗ್ಲೆಂಡಿನ ಲೆಕ್ಕ 7.7 ಪಟ್ಟು. ಬರ್ನ್ಲಿ ನಾಲ್ಕು ಪಟ್ಟಿನ ಆಸುಪಾಸಿನಲ್ಲಿ, ಪಟ್ಟಿಯ ಕೊನೆಯ ಕೆಲವೇ ಊರುಗಳ ಜೊತೆ ಇರುತ್ತದೆ.

ಇದನ್ನು ಒಬ್ಬ ನರ್ಸಿನ ಲೆಕ್ಕದಲ್ಲಿ ನೋಡೋಣ. ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಬ್ಯಾಂಡ್ 5ರ, ಅಂದರೆ ಹೊಸ ನರ್ಸುಗಳ ದರ್ಜೆಯ, ಆರಂಭದ ಸಂಬಳ 2025-26ರಲ್ಲಿ ವರ್ಷಕ್ಕೆ 31,049 ಪೌಂಡ್. ಬ್ಯಾಂಕುಗಳು ಸಾಮಾನ್ಯವಾಗಿ ಸಂಬಳದ ನಾಲ್ಕೂವರೆ ಪಟ್ಟಿನವರೆಗೆ ಸಾಲ ಕೊಡುತ್ತವೆ. ಅಂದರೆ ಸುಮಾರು 1.4 ಲಕ್ಷ ಪೌಂಡ್. ಒಬ್ಬರದೇ ಸಂಬಳದಲ್ಲಿ, ಕೆಲಸಕ್ಕೆ ಸೇರಿದ ಮೊದಲ ದರ್ಜೆಯಲ್ಲೇ, ಇಲ್ಲಿ ಒಂದು ಟೆರೇಸ್ ಮನೆ ಆರಾಮಾಗಿ ಬರುತ್ತದೆ. ಇಂಗ್ಲೆಂಡಿನಲ್ಲಿ ಈ ಮಾತು ಹೇಳಬಹುದಾದ ಊರುಗಳು ಬಹಳ ಕಡಿಮೆ.

ಆದರೂ ಊರಿನವರಿಗೇ ಇದು ಸುಲಭ ಇಲ್ಲ. ಗೋದಾಮಿನಲ್ಲಿ, ಕೇರ್ ಹೋಮಿನಲ್ಲಿ ಗಂಟೆಗೆ ಕನಿಷ್ಠ ಕೂಲಿ ಪಡೆಯುವವರಿಗೆ 10 ಸಾವಿರ ಪೌಂಡ್ ಡೆಪಾಸಿಟ್ ಕೂಡಿಡುವುದೇ ವರ್ಷಗಳ ಕೆಲಸ. ಅಷ್ಟರಲ್ಲಿ ಎಲ್ಲೋ ದಕ್ಷಿಣದಲ್ಲಿ ಕೂತವರು ಅದೇ ಬೀದಿಯ ಮನೆಗಳನ್ನು ನಗದು ಕೊಟ್ಟು ಕೊಂಡುಬಿಡುತ್ತಾರೆ. ನನಗೆ ನಿಜವಾಗಿ ಬೇಸರ ತರಿಸುವ ವಿಷಯ ಇದು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಬಡ್ಡಿಯ ಕಥೆ ಚುಟುಕಾಗಿ: ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲ ದರ 2021ರ ಡಿಸೆಂಬರಿನವರೆಗೆ ಶೇ. 0.1 ಇತ್ತು. 2023ರ ಆಗಸ್ಟಿಗೆ ಶೇ. 5.25ಕ್ಕೆ ಹೋಯಿತು. 2025ರ ಆಗಸ್ಟಿಗೆ ಶೇ. 4ಕ್ಕೆ ಇಳಿಯಿತು. ಮುಂದಿನ ಲೆಕ್ಕಗಳಿಗೆಲ್ಲ ಶೇ. 5ರ ಬಡ್ಡಿ, 30 ವರ್ಷದ ಸಾಲ ಅಂತ ಇಟ್ಟುಕೊಂಡಿದ್ದೇನೆ. ನಿಮಗೆ ಸಿಗುವ ದರ ಬೇರೆ ಇರಬಹುದು. ವೀಸಾದಲ್ಲಿ ಇರುವವರಿಂದ ಕೆಲವು ಬ್ಯಾಂಕುಗಳು ಜಾಸ್ತಿ ಡೆಪಾಸಿಟ್ ಕೇಳುತ್ತವೆ, ವೀಸಾ ಇನ್ನೂ ಎಷ್ಟು ದಿನ ಇದೆ ಅಂತಲೂ ನೋಡುತ್ತವೆ. ಹಾಗಾಗಿ ವೀಸಾದವರ ಅರ್ಜಿ ಮಾಡಿ ಅನುಭವ ಇರುವ ಬ್ರೋಕರ್ ಹತ್ತಿರ ಹೋಗಿ.

ಇಂಡಿಯಾದಲ್ಲಿ ನಿಮ್ಮ ಹೆಸರಲ್ಲಿ ಮನೆ ಇದೆಯಾ?

ಇದನ್ನು ಯಾವ ಎಸ್ಟೇಟ್ ಏಜೆಂಟೂ ಮೊದಲೇ ಕೇಳುವುದಿಲ್ಲ. ನಮ್ಮವರಿಗೆ ಮಾತ್ರ ಇದೇ ಮೊದಲ ಪ್ರಶ್ನೆ ಆಗಬೇಕು.

ಇಂಗ್ಲೆಂಡಿನಲ್ಲಿ 2025ರ ಏಪ್ರಿಲ್ 1ರಿಂದ ಮಾಮೂಲಿ ಸ್ಟ್ಯಾಂಪ್ ಡ್ಯೂಟಿ 1.25 ಲಕ್ಷ ಪೌಂಡಿನವರೆಗೆ ಸೊನ್ನೆ. ಅಲ್ಲಿಂದ 2.5 ಲಕ್ಷದವರೆಗಿನ ಭಾಗಕ್ಕೆ ಶೇ. 2. ಮೊದಲ ಸಲ ಮನೆ ಕೊಳ್ಳುವವರಿಗೆ 3 ಲಕ್ಷದವರೆಗೂ ಸೊನ್ನೆ. ಕೇಳಲು ಚೆನ್ನಾಗಿದೆ. ಆದರೆ ಈಗಾಗಲೇ ಮನೆ ಇರುವವರು ಇನ್ನೊಂದು ಕೊಂಡರೆ, 2024ರ ಅಕ್ಟೋಬರ್ 31ರಿಂದ, ಪೂರ್ತಿ ಬೆಲೆಯ ಮೇಲೆ ಶೇ. 5 ಹೆಚ್ಚುವರಿ ಕಟ್ಟಬೇಕು. ಆ "ಈಗಾಗಲೇ ಇರುವ ಮನೆ" ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಮೈಸೂರಿನ ಮನೆ, ಬೆಂಗಳೂರಿನ ಫ್ಲಾಟು, ಎಲ್ಲವೂ. ನಿಮ್ಮ ಪಾಲಿನ ಬೆಲೆ 40 ಸಾವಿರ ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸಾಕು. ಗಂಡನ ಹೆಸರಲ್ಲಿದೆ, ನಾನು ಬೇರೆಯಾಗಿ ಕೊಳ್ಳುತ್ತೇನೆ ಅಂದರೂ ಆಗುವುದಿಲ್ಲ. ಒಟ್ಟಿಗೆ ಬದುಕುವ ಗಂಡ ಹೆಂಡತಿಯನ್ನು ಇದಕ್ಕೆ ಒಂದೇ ಅಂತ ನೋಡುತ್ತಾರೆ.

ಲೆಕ್ಕ ನೋಡಿ. 1.2 ಲಕ್ಷದ ಟೆರೇಸ್ ಮನೆಗೆ, ಬೇರೆ ಮನೆ ಇಲ್ಲದವರು ಕಟ್ಟುವುದು ಸೊನ್ನೆ. ಬೆಂಗಳೂರಲ್ಲಿ ಫ್ಲಾಟ್ ಇರುವವರು ಕಟ್ಟುವುದು 6,000 ಪೌಂಡ್. 2 ಲಕ್ಷದ ಸೆಮಿ ಆದರೆ ಮೊದಲ ಸಲ ಕೊಳ್ಳುವವರಿಗೆ ಸೊನ್ನೆ, ಹಿಂದೆ ಮನೆ ಇದ್ದು ಈಗ ಇಲ್ಲದವರಿಗೆ 1,500, ಬೆಂಗಳೂರಿನ ಫ್ಲಾಟಿನವರಿಗೆ 11,500. ಇಷ್ಟೂ ಸಾಮಾನ್ಯವಾಗಿ ಕೈಯಿಂದಲೇ ಹೋಗಬೇಕು.

ಖಾಲಿ ಸೈಟು, ಜಮೀನು, ತೋಟ ಇವು ಮನೆ ಅಲ್ಲ, ಇದಕ್ಕೆ ಲೆಕ್ಕವಿಲ್ಲ. ತೀರಿಕೊಂಡ ಅಪ್ಪ ಅಮ್ಮನಿಂದ ಬಂದ ಮನೆಯಲ್ಲಿ ನಿಮ್ಮ ಪಾಲು ಅರ್ಧ ಅಥವಾ ಅದಕ್ಕಿಂತ ಕಡಿಮೆ ಇದ್ದು, ಬಂದು ಮೂರು ವರ್ಷ ಆಗಿಲ್ಲದಿದ್ದರೆ ಹೆಚ್ಚುವರಿಯಿಂದ ವಿನಾಯಿತಿ ಇದೆ. ಆದರೆ ಆ ಪಾಲು ಬಂದ ಮೇಲೆ ನೀವು "ಮೊದಲ ಸಲ ಕೊಳ್ಳುವವರು" ಆಗಿ ಉಳಿಯುವುದಿಲ್ಲ. ಭಾಗ ಆಗದ ಪಿತ್ರಾರ್ಜಿತ ಮನೆ, ಅಣ್ಣತಮ್ಮಂದಿರ ಜಂಟಿ ಖಾತೆ ಇಂಥದ್ದೇನಾದರೂ ಇದ್ದರೆ ಮನೆ ಹುಡುಕುವ ಮೊದಲೇ ಸಾಲಿಸಿಟರ್ (ಆಸ್ತಿಯ ಕಾಗದ ನೋಡುವ ವಕೀಲರು) ಮುಂದೆ ಎಲ್ಲ ಕಾಗದ ಇಟ್ಟು ಕೇಳಿ. ಮುಚ್ಚಿಟ್ಟರೆ ಮುಂದೆ ದಂಡ, ಬಡ್ಡಿ ಎರಡೂ ಬರುತ್ತದೆ.

ಜೊತೆಗೇ ಇನ್ನೊಂದು. ಊರಿನಿಂದ ದುಡ್ಡು ತರಿಸುವುದಾದರೆ ಅದು ಎಲ್ಲಿಂದ ಬಂತು ಅಂತ ಸಾಲಿಸಿಟರ್ ಕೇಳಿಯೇ ಕೇಳುತ್ತಾರೆ. ಸೈಟ್ ಮಾರಿದ ಕ್ರಯಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಅಪ್ಪ ಕೊಟ್ಟಿದ್ದಾದರೆ ಇದು ಉಡುಗೊರೆ ಅಂತ ಅವರ ಸಹಿ ಇರುವ ಪತ್ರ, ಕನ್ನಡದಲ್ಲಿರುವ ದಾಖಲೆಗೆ ಅನುವಾದ. ಎನ್‌ಆರ್‌ಒ ಖಾತೆಯಿಂದ (ಹೊರದೇಶದಲ್ಲಿರುವವರು ಇಂಡಿಯಾದ ಆದಾಯ ಇಡುವ ಖಾತೆ) ಕಳಿಸುವಾಗ ಆದಾಯ ತೆರಿಗೆಯ ಫಾರಂಗಳು ಬೇಕಾಗಬಹುದು. ಇವೆಲ್ಲ ವಾರಗಟ್ಟಲೆ ಎಳೆಯುತ್ತವೆ. ಮನೆ ಇಷ್ಟವಾದ ಮೇಲೆ ಓಡಾಡುವ ಬದಲು ಮೊದಲೇ ಶುರು ಮಾಡಿ.

ಬಾಡಿಗೆ

ಮೂರು ನಾಲ್ಕು ವರ್ಷಕ್ಕಿಂತ ಕಡಿಮೆ ಇರುವ ಅಂದಾಜಿದ್ದರೆ ಬಾಡಿಗೆಯೇ ಸರಿ. ಹೊಸದಾಗಿ ಬಂದವರಿಗಂತೂ ಮೊದಲ ವರ್ಷ ಬಾಡಿಗೆಯೇ ಸರಿ. ಯಾವ ಬೀದಿ ಹೇಗೆ ಅಂತ ಗೊತ್ತಾಗಲು ಒಂದು ಚಳಿಗಾಲ ಇಲ್ಲಿ ಕಳೆಯಲೇಬೇಕು.

ಲೆಕ್ಕ ಹೀಗೆ. 1 ಲಕ್ಷದ ಮನೆ, 10 ಸಾವಿರ ಡೆಪಾಸಿಟ್, 90 ಸಾವಿರ ಸಾಲ. ತಿಂಗಳ ಕಂತು ಸುಮಾರು 483 ಪೌಂಡ್. ಅದಕ್ಕೆ ಇನ್ಶೂರೆನ್ಸ್, ರಿಪೇರಿಗೆ ಅಂತ ತಿಂಗಳಿಗೆ 120 ಎತ್ತಿಡಿ. 600 ಆಯಿತು. ಅಂಥದ್ದೇ ಮನೆಯ ಬಾಡಿಗೆ 650 ಅಂತ ಇಟ್ಟುಕೊಂಡರೆ ಉಳಿತಾಯ 50 ಪೌಂಡ್. ಕಂತಿನಲ್ಲಿ ಒಂದು ಪಾಲು ಅಸಲಿಗೆ ಹೋಗುತ್ತದೆ, ಅದೂ ನಿಮ್ಮದೇ. ಆದರೆ ಕೊಳ್ಳುವಾಗ ಸಾಲಿಸಿಟರ್, ಸರ್ವೆ, ಸರ್ಚ್‌ಗಳಿಗೆ (ಜಾಗದ ದಾಖಲೆಗಳ ತಪಾಸಣೆ) ಎರಡರಿಂದ ಮೂರು ಸಾವಿರ, ಮಾರುವಾಗ ಏಜೆಂಟಿಗೂ ಸಾಲಿಸಿಟರಿಗೂ ಸೇರಿ ಹೆಚ್ಚೂಕಡಿಮೆ ಅಷ್ಟೇ. ಬಡ್ಡಿ ದರ ಐದು ವರ್ಷಕ್ಕೆ ಫಿಕ್ಸ್ ಮಾಡಿಸಿ ಎರಡನೇ ವರ್ಷ ಸಾಲ ತೀರಿಸಿದರೆ ಬ್ಯಾಂಕು ಅದಕ್ಕೂ ದಂಡ ಹಾಕುತ್ತದೆ. ಬೆಲೆ ಏರದಿದ್ದರೆ ಬೇಗ ಹೊರಟವರಿಗೆ ನಷ್ಟವೇ.

ಬಾಡಿಗೆಯವರ ಪರವಾಗಿ ಕಾನೂನು ಈಗ ದೊಡ್ಡದಾಗಿ ಬದಲಾಗಿದೆ. ರೆಂಟರ್ಸ್ ರೈಟ್ಸ್ ಕಾಯ್ದೆ 2025ರ ಅಕ್ಟೋಬರಿನಲ್ಲಿ ಪಾಸಾಯಿತು, ಅದರ ಮುಖ್ಯ ಭಾಗಗಳು ಜಾರಿಗೆ ಬರಲು ನಿಗದಿಯಾದ ದಿನ 2026ರ ಮೇ 1. ಅಲ್ಲಿಂದ ಕಾರಣ ಹೇಳದೆ ಮನೆ ಖಾಲಿ ಮಾಡಿಸುವ ಸೆಕ್ಷನ್ 21 ನೋಟಿಸ್ ಇಲ್ಲ. ಬಾಡಿಗೆ ವರ್ಷಕ್ಕೆ ಒಂದೇ ಸಲ ಏರಿಸಬಹುದು. ಜಾಹೀರಾತಿನ ಬಾಡಿಗೆಗಿಂತ ಜಾಸ್ತಿ ಕೊಡ್ತೀರಾ ಅಂತ ಹರಾಜು ಹಾಕುವ ಹಾಗಿಲ್ಲ. ನಮ್ಮವರಿಗೆ ಮುಖ್ಯವಾದದ್ದು ಮುಂಗಡದ ನಿಯಮ. ಇಂಡಿಯಾದಿಂದ ಈಗಷ್ಟೇ ಬಂದಿದ್ದೀರಿ, ಇಲ್ಲಿ ಜಾಮೀನು ನಿಲ್ಲುವವರು ಯಾರೂ ಇಲ್ಲ, ಹಾಗಾಗಿ ಆರು ತಿಂಗಳ ಬಾಡಿಗೆ ಮೊದಲೇ ಕೊಡಿ ಅನ್ನುವ ಪದ್ಧತಿ ಇತ್ತು. ಈ ಕಾಯ್ದೆಯ ಪ್ರಕಾರ ಮುಂಗಡವಾಗಿ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಡೆಪಾಸಿಟ್ ಐದು ವಾರದ ಬಾಡಿಗೆಯನ್ನು ಮೀರಬಾರದು, ಅದನ್ನು 30 ದಿನದೊಳಗೆ ಸರ್ಕಾರ ಒಪ್ಪಿದ ಸ್ಕೀಮಿನಲ್ಲಿ ಇಡಬೇಕು ಅನ್ನುವುದು ಹಳೆಯ ನಿಯಮ, ಅದೂ ಇದೆ.

ಟ್ರಿನಿಟಿ, ಗ್ಯಾನೋ, ಡೇನ್ಸ್‌ಹೌಸ್ ಅಂಥ ಹಳೇ ಟೆರೇಸ್ ಜಾಸ್ತಿ ಇರುವ ಕಡೆ ಬರ್ನ್ಲಿ ಕೌನ್ಸಿಲ್ ಮನೆಮಾಲೀಕರಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಯೋಜನೆ ತಂದಿದೆ. ನೀವು ನೋಡಿದ ಬೀದಿ ಈಗ ಅದರಡಿ ಬರುತ್ತದಾ, ಮಾಲೀಕರ ಹತ್ತಿರ ಲೈಸೆನ್ಸ್ ಇದೆಯಾ ಅಂತ ಕೌನ್ಸಿಲಿನ ಪಟ್ಟಿಯಲ್ಲಿ ನೋಡಿ. ಲೈಸೆನ್ಸ್ ತಪ್ಪಿಸಿಕೊಂಡ ಮಾಲೀಕ ನಾಳೆ ಬಾಯ್ಲರ್ ಕೆಟ್ಟಾಗ ಓಡಿ ಬರುತ್ತಾನೆ ಅಂತ ನಂಬುವುದು ಕಷ್ಟ.

ಕಲ್ಲಿನ ಟೆರೇಸ್

ಬರ್ನ್ಲಿಯ ಆತ್ಮ ಇರುವುದು ಈ ಮನೆಗಳಲ್ಲೇ. ಕೆಳಗೆ ಎರಡು ಕೋಣೆ, ಮೇಲೆ ಎರಡು ಕೋಣೆ, ಹಿಂದೆ ಚಿಕ್ಕ ಅಂಗಳ, ಅದರ ಹಿಂದೆ ಓಣಿ. ಮುಂಬಾಗಿಲು ತೆಗೆದರೆ ನೇರ ಫುಟ್‌ಪಾತ್. ನೂರು ವರ್ಷ ದಾಟಿದ ಸ್ಥಳೀಯ ಮರಳುಗಲ್ಲಿನ ಗೋಡೆ. ಚೆನ್ನಾಗಿ ನೋಡಿಕೊಂಡ ಟೆರೇಸ್ ಮನೆ ಗಟ್ಟಿಮುಟ್ಟಾಗಿರುತ್ತದೆ, ಅಕ್ಕಪಕ್ಕದವರ ಪರಿಚಯ ಬೇಗ ಆಗುತ್ತದೆ, ಅಂಗಡಿ ಬಸ್ಸು ಎಲ್ಲ ನಡೆಯುವ ದೂರದಲ್ಲಿ. ನನ್ನ ಮಟ್ಟಿಗೆ, ಇಲ್ಲಿ ಕೆಲಸ ಇದ್ದು ಐದಾರು ವರ್ಷ ಇರುವ ಒಬ್ಬರಿಗೋ ಇಬ್ಬರಿಗೋ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಆದರೆ ಎಲ್ಲ ಟೆರೇಸೂ ಒಂದೇ ಅಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಮೊದಲನೇ ಶತ್ರು ತೇವ. ಈ ಗೋಡೆಗಳಲ್ಲಿ ಇಂದಿನ ಮನೆಗಳ ಹಾಗೆ ನಡುವೆ ಗಾಳಿಯ ಸಂದು ಇರುವುದಿಲ್ಲ, ಗೋಡೆ ಪೂರ್ತಿ ಕಲ್ಲು. ಕಟ್ಟಿದಾಗ ಸುಣ್ಣದ ಗಾರೆ ಬಳಸಿದ್ದರು, ಒಳಗೆ ಹೋದ ನೀರು ಆ ಗಾರೆಯ ಮೂಲಕ ಆರಿ ಹೋಗುತ್ತಿತ್ತು. ಆಮೇಲೆ ಬಂದವರು ಎಷ್ಟೋ ಕಡೆ ಸಂದುಗಳಿಗೆ ಸಿಮೆಂಟ್ ತುಂಬಿದ್ದಾರೆ. ಸಿಮೆಂಟ್ ನೀರನ್ನು ಹೊರಗೆ ಬಿಡುವುದಿಲ್ಲ, ಕಲ್ಲು ಒದ್ದೆಯಾಗಿಯೇ ಇರುತ್ತದೆ, ಒಳಗಿನ ಪ್ಲಾಸ್ಟರ್ ಉದುರುತ್ತದೆ. ಮನೆ ನೋಡಲು ಹೋದಾಗ ಹೊರಗಿನ ಸಂದುಗಳನ್ನು ನೋಡಿ, ಗಟರ್ ನೋಡಿ, ಚಿಮಣಿಯ ಬುಡ ನೋಡಿ. ಹೊಸದಾಗಿ ಬಣ್ಣ ಹೊಡೆದ ಒಂದೇ ಒಂದು ಗೋಡೆ ಇದ್ದರೆ ಯಾಕೆ ಅಂತ ಕೇಳಿ. ತೇವದ ಪರೀಕ್ಷೆ ಉಚಿತ ಅಂತ ಬರುವ ಕಂಪನಿಗಳು ಕೊನೆಗೆ ಕೆಮಿಕಲ್ ಇಂಜೆಕ್ಷನ್ ಮಾರುವವರೇ ಆಗಿರುತ್ತಾರೆ. ದುಡ್ಡು ಕೊಟ್ಟು ಸ್ವತಂತ್ರ ಸರ್ವೇಯರ್ ಕರೆಸಿ, ಅದೂ ಲೆವೆಲ್ 3 ಸರ್ವೆ (ಕಟ್ಟಡವನ್ನು ಪೂರ್ತಿ ವಿವರವಾಗಿ ನೋಡುವಂಥದ್ದು) ಮಾಡಿಸಿ. ನೂರು ವರ್ಷದ ಮನೆಗೆ ಅದು ದಂಡದ ಖರ್ಚಲ್ಲ.

ನಾವು ಮನೆಯಲ್ಲಿ ಬದುಕುವ ರೀತಿಯೂ ಇದಕ್ಕೆ ಸೇರುತ್ತದೆ. ದಿನಾ ಎರಡು ಹೊತ್ತು ಅನ್ನ, ಸಾರು, ಕುಕ್ಕರ್ ಕೂಗುವುದು, ಮಳೆಗಾಲದ ಹಾಗೆ ವರ್ಷವಿಡೀ ಬಟ್ಟೆ ಒಳಗೇ ಒಣಹಾಕುವುದು. ಇಷ್ಟು ಹಬೆ ತಣ್ಣನೆ ಕಲ್ಲಿನ ಗೋಡೆಗೆ ತಾಗಿ ನೀರಾಗಿ, ಬೀರುವಿನ ಹಿಂದೆ ಕಪ್ಪು ಬೂಷ್ಟು ಹಿಡಿಯುತ್ತದೆ. ಅಡುಗೆಮನೆಯ ಫ್ಯಾನ್ ಗಾಳಿಯನ್ನು ನಿಜವಾಗಿ ಹೊರಗೆ ಹಾಕುತ್ತದಾ, ಇಲ್ಲ ಫಿಲ್ಟರ್ ಮೂಲಕ ಒಳಗೇ ಬಿಡುತ್ತದಾ ಅಂತ ನೋಡಿ. ಒಳಗೇ ಬಿಡುವುದಾದರೆ ಬದಲಾಯಿಸಲು ದುಡ್ಡು ಎತ್ತಿಡಿ.

ಸಾಲಿನ ನಡುವಿನ ಮನೆ ಮತ್ತು ಕೊನೆಯ ಮನೆ ಎರಡೂ ಒಂದೇ ಬೆಲೆಗೆ ಸಿಕ್ಕರೆ ನಡುವಿನದ್ದನ್ನೇ ತೆಗೆದುಕೊಳ್ಳಿ. ಎರಡೂ ಪಕ್ಕದ ಮನೆಯವರು ಹೀಟರ್ ಹಾಕುತ್ತಾರೆ, ಚಳಿಗೆ ಒಡ್ಡಿಕೊಳ್ಳುವುದು ಮುಂದಿನ ಹಿಂದಿನ ಗೋಡೆ ಮಾತ್ರ. ಪಕ್ಕದ ಮನೆ ಖಾಲಿ ಇದ್ದರೆ ಮಾತ್ರ ಈ ಮಾತು ತಲೆಕೆಳಗು. ಅದರ ಸೋರುವ ಮಾಡಿನ ನೀರೂ ನಿಮ್ಮ ಗೋಡೆಗೇ ಬರುತ್ತದೆ. ಬೀದಿಯಲ್ಲಿ ಎಷ್ಟು ಮನೆಗೆ ಹಲಗೆ ಹೊಡೆದಿದ್ದಾರೆ ಅಂತ ಎಣಿಸಿ. ಒಂದು ಸಂಜೆ ಕತ್ತಲಾದ ಮೇಲೆ ಹೋಗಿ ಎಷ್ಟು ಕಿಟಕಿಯಲ್ಲಿ ದೀಪ ಇದೆ ಅಂತಲೂ ನೋಡಿ. ಹಿಂದಿನ ಓಣಿಯಲ್ಲಿ ಹಾಸಿಗೆ, ಸೋಫಾ ಬಿದ್ದಿದ್ದರೆ ಆ ಬೀದಿಯಲ್ಲಿ ಬಾಡಿಗೆದಾರರು ಬೇಗ ಬೇಗ ಬದಲಾಗುತ್ತಿರಬಹುದು.

ಕಾಗದದಲ್ಲಿ ನೋಡಬೇಕಾದದ್ದು ಲೀಸ್‌ಹೋಲ್ಡ್, ಅಂದರೆ ನೆಲ ಬೇರೆಯವರದ್ದು, ನಿಮ್ಮದು ದೀರ್ಘ ಗುತ್ತಿಗೆ. ಈ ಕಡೆಯ ಹಳೇ ಟೆರೇಸ್‌ಗಳಲ್ಲಿ ಬಹಳಷ್ಟು 999 ವರ್ಷದ ಲೀಸ್, ವರ್ಷಕ್ಕೆ ಕೆಲವೇ ಪೌಂಡ್ ಗ್ರೌಂಡ್ ರೆಂಟ್ (ನೆಲದ ಬಾಡಿಗೆ). ಹೆದರಬೇಕಿಲ್ಲ, ಇನ್ನೂ ಎಂಟುನೂರಕ್ಕೂ ಜಾಸ್ತಿ ವರ್ಷ ಉಳಿದಿರುತ್ತದೆ. ಆದರೆ ಆ ಗ್ರೌಂಡ್ ರೆಂಟ್ ಈಗ ಯಾರ ಕೈಯಲ್ಲಿದೆ, ಮನೆಯಲ್ಲಿ ಬದಲಾವಣೆ ಮಾಡಲು ಅವರ ಒಪ್ಪಿಗೆಗೆ ಶುಲ್ಕ ಕೇಳುತ್ತಾರಾ ಅಂತ ಸಾಲಿಸಿಟರ್ ಕೈಲಿ ಬರೆದು ಕೇಳಿಸಿ.

ಗಣಿಯ ಸರ್ಚ್ ಬಿಡಬೇಡಿ. ಊರ ಕೆಳಗೆಲ್ಲ ಕಲ್ಲಿದ್ದಲು ತೆಗೆದಿದ್ದಾರೆ, ಬ್ಯಾಂಕ್ ಹಾಲ್ ಗಣಿ ಮುಚ್ಚಿದ್ದು 1971ರಲ್ಲಿ. ಇನ್ನು ಪ್ಯಾಡಿಯಮ್ ಕಡೆ ಕೊಳ್ಳುವುದಾದರೆ ಪ್ರವಾಹದ ನಕ್ಷೆ ನೋಡಿ, 2015ರ ಡಿಸೆಂಬರಿನಲ್ಲಿ ಕಾಲ್ಡರ್ ನದಿ ಅಲ್ಲಿ ಮನೆಗಳಿಗೆ ನುಗ್ಗಿತ್ತು. ಇನ್ಶೂರೆನ್ಸಿಗೆ ಎಷ್ಟಾಗುತ್ತದೆ ಅಂತ ಆಫರ್ ಮಾಡುವ ಮೊದಲೇ ಕೇಳಿ.

ಕೌನ್ಸಿಲ್ ಟ್ಯಾಕ್ಸ್ (ಊರಿನ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) ಬಗ್ಗೆ ಒಂದು ಮಾತು. ಇಲ್ಲಿನ ಬಹುಪಾಲು ಟೆರೇಸ್‌ಗಳು ಬ್ಯಾಂಡ್ ಎ, ಅಂದರೆ 1991ರ ಬೆಲೆಯಲ್ಲಿ 40 ಸಾವಿರದೊಳಗಿನವು. ಆದರೂ ವರ್ಷಕ್ಕೆ 1,500 ಪೌಂಡ್ ದಾಟುತ್ತದೆ. 1 ಲಕ್ಷದ ಮನೆಗೆ ಇದು ಶೇ. 1.5ಕ್ಕೂ ಜಾಸ್ತಿ. ಬಾಡಿಗೆಗಿದ್ದರೂ ನೀವೇ ಕಟ್ಟುವುದು, ಹಾಗಾಗಿ ಹೋಲಿಕೆಯಲ್ಲಿ ಎರಡೂ ಕಡೆ ಸಮ.

ಸೆಮಿ

ಮಕ್ಕಳಿದ್ದರೆ, ಅಥವಾ ಅಪ್ಪ ಅಮ್ಮ ಬಂದು ಆರು ತಿಂಗಳು ಇರುತ್ತಾರೆ ಅಂದರೆ, ಟೆರೇಸಿನ ಕಡಿದಾದ ಮೆಟ್ಟಿಲು ಮತ್ತು ಎರಡೇ ಬೆಡ್‌ರೂಮು ಸಾಲುವುದಿಲ್ಲ. ಆಗ ಎರಡು ಮಹಾಯುದ್ಧಗಳ ನಡುವೆ ಕಟ್ಟಿದ ಸೆಮಿ ಅಥವಾ ಹಿಂದೆ ಕೌನ್ಸಿಲಿನದ್ದಾಗಿದ್ದು 1980ರ ನಂತರ ಬಾಡಿಗೆದಾರರೇ ಕೊಂಡುಕೊಂಡ ಮನೆ ನೋಡಿ. ಈ ಎರಡನೇ ಥರದ್ದನ್ನು ನಮ್ಮವರು ಸುಮ್ನೆ ಮೂಗು ಮುರಿದು ಬಿಟ್ಟುಬಿಡುತ್ತಾರೆ. ತಪ್ಪು ಅನ್ನಿಸುತ್ತದೆ ನನಗೆ. ಕೌನ್ಸಿಲ್ ಕಟ್ಟಿಸಿದ ಮನೆಗಳಲ್ಲಿ ಕೋಣೆಗಳು ದೊಡ್ಡವು, ಮುಂದೆ ಹಿಂದೆ ತೋಟ, ಬಹಳಷ್ಟು ಕಡೆ ಕಾರಿಗೆ ಜಾಗ, ಬೆಲೆ ಪಕ್ಕದ ಖಾಸಗಿ ಸೆಮಿಗಿಂತ ಕಡಿಮೆ.

ಗೋಡೆಯಲ್ಲಿ ಗಾಳಿಯ ಸಂದು ಇದ್ದರೆ ಅದರಲ್ಲಿ ಇನ್ಸುಲೇಶನ್ ತುಂಬಬಹುದು, ಬಿಲ್ ಇಳಿಯುತ್ತದೆ. ಆದರೆ ಬೆಟ್ಟದ ಮಗ್ಗುಲಿನ ಮನೆಗೆ ಪಶ್ಚಿಮದ ಮಳೆ ಅಡ್ಡಡ್ಡ ಹೊಡೆಯುತ್ತದೆ, ಅಂಥ ಗೋಡೆಗೆ ತುಂಬಿಸಿದರೆ ತೇವ ಒಳಗೆ ದಾಟುವುದೂ ಉಂಟು. ಈಗಾಗಲೇ ತುಂಬಿದ್ದರೆ ಯಾವಾಗ, ಯಾರು, ಗ್ಯಾರಂಟಿ ಇದೆಯಾ ಅಂತ ಕೇಳಿ. 2 ಲಕ್ಷದ ಸೆಮಿಗೆ 20 ಸಾವಿರ ಡೆಪಾಸಿಟ್ ಹಾಕಿದರೆ ಕಂತು ಸುಮಾರು 966 ಪೌಂಡ್. ಒಬ್ಬ ಬ್ಯಾಂಡ್ 5 ನರ್ಸಿಗೆ ಸಾಲವೇ ಸಿಗುವುದಿಲ್ಲ, ಇಬ್ಬರ ಸಂಬಳ ಬೇಕು. ಆದರೆ ಇಲ್ಲಿ 2 ಲಕ್ಷ ಅಂದರೆ ಒಳ್ಳೆಯ ಸೆಮಿಯೇ. ಅದಕ್ಕಿಂತ ಕಡಿಮೆಗೂ ಸಾಕಷ್ಟು ಸಿಗುತ್ತವೆ. ಮಾರುವಾಗಲೂ ಸೆಮಿಗೆ ಕೊಳ್ಳುವವರು ಬೇಗ ಸಿಗುತ್ತಾರೆ. ಯಾಕೆಂದರೆ ಅದನ್ನು ಹುಡುಕುವವರು ಸಂಸಾರಸ್ಥರು, ಅವರು ಬಾಡಿಗೆಯ ಆದಾಯದ ಲೆಕ್ಕ ಹಾಕುವುದಿಲ್ಲ.

ಹೊಸ ಬಡಾವಣೆ

ಊರಂಚಿನ ಹೊಸ ಮನೆಗಳು ಬೆಚ್ಚಗಿವೆ, ಬಿಲ್ ಕಡಿಮೆ, ಹತ್ತು ವರ್ಷದ ಗ್ಯಾರಂಟಿ, ಎಲ್ಲ ನಿಜ. ಆದರೆ ಅದೇ ದುಡ್ಡಿಗೆ ಸಿಗುವ ಹಳೇ ಸೆಮಿಗಿಂತ ಕೋಣೆ ಚಿಕ್ಕದು. ಹೊಸದು ಅನ್ನುವ ಕಾರಣಕ್ಕೆ ಕೊಟ್ಟ ಹೆಚ್ಚಿನ ಬೆಲೆ ಎರಡನೇ ಸಲ ಮಾರುವಾಗ ಸಿಗುವುದಿಲ್ಲ. ಬೆಲೆ ನಿಧಾನವಾಗಿ ಏರುವ ಊರಿನಲ್ಲಿ ಆ ಗುಂಡಿ ತುಂಬಲು ವರ್ಷಗಳು ಬೇಕು. ಫ್ರೀಹೋಲ್ಡ್ (ನೆಲವೂ ನಿಮ್ಮದೇ) ಅಂತ ಮಾರಿದರೂ ಬಡಾವಣೆಯ ರಸ್ತೆ, ಹುಲ್ಲು, ಚರಂಡಿ ನೋಡಿಕೊಳ್ಳಲು ಪ್ರತಿ ವರ್ಷ ಒಂದು ಕಂಪನಿಗೆ ದುಡ್ಡು ಕಟ್ಟಬೇಕಾಗಬಹುದು. ಅದನ್ನು ಎಷ್ಟು ಏರಿಸಬಹುದು ಅಂತ ಮಿತಿ ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ ನಾನಾದರೆ ಮುಂದೆ ಹೋಗುವುದಿಲ್ಲ.

ಮ್ಯಾಂಚೆಸ್ಟರಿನಲ್ಲಿ ಕೆಲಸ, ಬರ್ನ್ಲಿಯಲ್ಲಿ ಮನೆ?

2015ರ ಮೇ ತಿಂಗಳಲ್ಲಿ ಟಾಡ್‌ಮರ್ಡನ್ ಹತ್ತಿರದ ಹಳಿಯ ತಿರುವು ಮತ್ತೆ ತೆರೆದ ಮೇಲೆ ಬರ್ನ್ಲಿ ಮ್ಯಾಂಚೆಸ್ಟರ್ ರೋಡ್ ಸ್ಟೇಷನ್ನಿಂದ ಮ್ಯಾಂಚೆಸ್ಟರ್ ವಿಕ್ಟೋರಿಯಾಕ್ಕೆ ನೇರ ರೈಲು ಇದೆ, ಸುಮಾರು ಒಂದು ಗಂಟೆ. ಎಕ್ಸ್43 ಬಸ್ಸೂ ಇದೆ. ವಾರಕ್ಕೆ ಎರಡು ದಿನ ಆಫೀಸು ಅಂದರೆ ಇದು ಬಹಳ ಒಳ್ಳೆಯ ಲೆಕ್ಕ. ಐದೂ ದಿನ ಅಂದರೆ, ರೈಲು ತಪ್ಪಿದ ಅಥವಾ ರದ್ದಾದ ಸಂಜೆಗಳನ್ನೂ ಸೇರಿಸಿ ಯೋಚಿಸಿ, ಉಳಿಸಿದ ಬಾಡಿಗೆಯ ಒಂದು ಭಾಗ ಟಿಕೆಟ್ಟಿಗೇ ಹೋಗುತ್ತದೆ.

ಆಸ್ಪತ್ರೆಯವರು ಒಂದು ವಿಷಯ ಗಮನಿಸಿ. ಬರ್ನ್ಲಿ ಜನರಲ್ ಆಸ್ಪತ್ರೆಯ ಎ ಅಂಡ್ ಇ (ತುರ್ತು ಚಿಕಿತ್ಸೆ) ವಿಭಾಗ 2007ರಲ್ಲೇ ಬ್ಲ್ಯಾಕ್‌ಬರ್ನಿಗೆ ಹೋಯಿತು, ಹೆರಿಗೆಯ ದೊಡ್ಡ ಕೇಂದ್ರ ಬರ್ನ್ಲಿಯಲ್ಲಿದೆ. ಎರಡೂ ಒಂದೇ ಟ್ರಸ್ಟಿನವು. ಹಾಗಾಗಿ ನಿಮ್ಮ ವಾರ್ಡ್ ಯಾವ ಊರಿನಲ್ಲಿ ಅಂತ ಖಾತ್ರಿ ಮಾಡಿಕೊಂಡು ಮನೆ ಹುಡುಕಿ. ಬ್ಲ್ಯಾಕ್‌ಬರ್ನಿನಲ್ಲಿ ನೈಟ್ ಶಿಫ್ಟ್ ಇದ್ದು ಕಾರು ಇಲ್ಲ ಅಂದರೆ ಬರ್ನ್ಲಿಯ ಅಗ್ಗದ ಮನೆ ಅಗ್ಗವಾಗಿ ಉಳಿಯುವುದಿಲ್ಲ. ಅಕ್ರಿಂಗ್ಟನ್ ನಡುವೆ ಇದೆ, ಬೆಲೆಯೂ ಹೆಚ್ಚೂಕಡಿಮೆ ಇದೇ ಥರ.

ದೂರದಲ್ಲಿ ಕೂತು ಬಾಡಿಗೆಗೆ ಬಿಡಲು ಕೊಳ್ಳುವುದು

ಬೇಡ. ಲಂಡನ್ನಿನಿಂದಲೋ ಬೆಂಗಳೂರಿನಿಂದಲೋ, ಕಣ್ಣಾರೆ ನೋಡದೆ, 70 ಸಾವಿರಕ್ಕೆ ಮನೆ, ವರ್ಷಕ್ಕೆ ಶೇ. 9 ಬಾಡಿಗೆ ಅಂತ ಯಾರೋ ತೋರಿಸಿದ ಲೆಕ್ಕ ನಂಬಿ ಕೊಳ್ಳುವವರು ಜಾಸ್ತಿ ಆಗುತ್ತಿದ್ದಾರೆ. ಆ ಲೆಕ್ಕದಲ್ಲಿ ಶೇ. 5ರ ಹೆಚ್ಚುವರಿ ಸ್ಟ್ಯಾಂಪ್ ಡ್ಯೂಟಿ ಇರುವುದಿಲ್ಲ, ಯುಕೆಯಲ್ಲಿ ವಾಸ ಇಲ್ಲದವರಿಗೆ ಅದರ ಮೇಲೆ ಇನ್ನೂ ಶೇ. 2 ಇದೆ ಅನ್ನುವುದು ಇರುವುದಿಲ್ಲ. ಲೈಸೆನ್ಸ್ ಶುಲ್ಕ, ಏಜೆಂಟ್ ಕಮಿಷನ್, ಮನೆ ಖಾಲಿ ಬಿದ್ದ ತಿಂಗಳು, ಹೊಸ ಮಾಡು, ಯಾವುದೂ ಇರುವುದಿಲ್ಲ. ಒಂದು ವರ್ಷಕ್ಕೂ ಜಾಸ್ತಿ ಖಾಲಿ ಇದ್ದರೆ ಕೌನ್ಸಿಲ್ ಟ್ಯಾಕ್ಸ್ ಎರಡು ಪಟ್ಟು ಮಾಡುವ ಅಧಿಕಾರ ಕೌನ್ಸಿಲಿಗಿದೆ. ಹರಾಜಿನಲ್ಲಾದರೆ ಸುತ್ತಿಗೆ ಬಿದ್ದ ಕ್ಷಣಕ್ಕೇ ಶೇ. 10 ಕಟ್ಟಿ, ಸಾಮಾನ್ಯವಾಗಿ 28 ದಿನದಲ್ಲಿ ಉಳಿದದ್ದು ಕಟ್ಟಬೇಕು. ಕೆಲವು ಬ್ಯಾಂಕುಗಳು ಇಷ್ಟು ಕಡಿಮೆ ಬೆಲೆಯ ಮನೆಗೆ ಸಾಲವನ್ನೇ ಕೊಡುವುದಿಲ್ಲ.

ನಷ್ಟ ನಿಮ್ಮದಷ್ಟೇ ಆಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ನೋಡಿಕೊಳ್ಳುವವರಿಲ್ಲದ ಒಂದು ಮನೆ ಇಡೀ ಸಾಲನ್ನು ಹಾಳು ಮಾಡುತ್ತದೆ. ಪಕ್ಕದಲ್ಲಿ ನಲವತ್ತು ವರ್ಷದಿಂದ ಇರುವ ಅಜ್ಜಿಯ ಗೋಡೆ ಒದ್ದೆಯಾಗುತ್ತದೆ, ಅವರು ಮಾರಲು ಹೋದರೆ ಬೆಲೆ ಬರುವುದಿಲ್ಲ. ಈ ಊರು ಇದನ್ನು ಒಂದು ಸಲ ಅನುಭವಿಸಿದೆ.

ಆಫರ್ ಒಪ್ಪಿದ ಮೇಲೆ

ಇಲ್ಲಿ ಮಾಲೀಕರು ನಿಮ್ಮ ಆಫರ್ ಒಪ್ಪಿದರೂ ಅದಕ್ಕೆ ಕಾನೂನಿನ ಬಲವಿಲ್ಲ. ಕಾಂಟ್ರಾಕ್ಟ್ ಎಕ್ಸ್‌ಚೇಂಜ್ (ಸಹಿ ಮಾಡಿದ ಕರಾರನ್ನು ಎರಡೂ ಕಡೆಯವರು ಬದಲಾಯಿಸಿಕೊಳ್ಳುವುದು) ಆಗುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಹಿಂದೆ ಸರಿಯಬಹುದು, ಅದಕ್ಕೆ ಸಾಮಾನ್ಯವಾಗಿ ಕೆಲವು ತಿಂಗಳೇ ಹಿಡಿಯುತ್ತದೆ. ಸರ್ವೆಯಲ್ಲಿ ಮಾಡಿನ ಖರ್ಚು ಬಂದರೆ ಬೆಲೆ ಇಳಿಸಿ ಅಂತ ಕೇಳಲು ನಾಚಿಕೆ ಪಡಬೇಡಿ, ಇಲ್ಲಿ ಅದು ಮಾಮೂಲು, ಏಜೆಂಟೂ ಅದನ್ನು ನಿರೀಕ್ಷಿಸಿರುತ್ತಾರೆ. ಮಾರುವವರು ಇನ್ನೊಂದು ಮನೆ ಕೊಳ್ಳಲು ಕಾಯುತ್ತಿದ್ದಾರಾ, ಇಲ್ಲ ಮನೆ ಈಗಾಗಲೇ ಖಾಲಿ ಇದೆಯಾ ಅಂತ ಮೊದಲೇ ತಿಳಿದುಕೊಳ್ಳಿ, ಎಷ್ಟು ಕಾಯಬೇಕು ಅನ್ನುವುದು ಅದರ ಮೇಲೆ ನಿಂತಿರುತ್ತದೆ. ಹೊಸ ಕಾಯ್ದೆಯ ಪ್ರಕಾರ ಬಾಡಿಗೆದಾರರು ಎರಡು ತಿಂಗಳ ನೋಟಿಸ್ ಕೊಟ್ಟು ಹೊರಡಬೇಕು. ಹಾಗಂತ ಲೆಕ್ಕ ಹಾಕಿ ಮೊದಲೇ ಕೊಟ್ಟುಬಿಡಬೇಡಿ. ಒಂದೆರಡು ತಿಂಗಳು ಬಾಡಿಗೆ ಕಂತು ಎರಡೂ ಕಟ್ಟಬೇಕಾಗಿ ಬಂದರೂ ಸರಿ, ಎಕ್ಸ್‌ಚೇಂಜ್ ಆಯಿತು ಅಂತ ಸಾಲಿಸಿಟರ್ ಫೋನ್ ಮಾಡಿದ ಮೇಲೇ ಈಗಿನ ಮನೆಗೆ ನೋಟಿಸ್ ಕೊಡಿ.